ಹಿಂದೆ ಕೂತು ಗೇರ್ ಇಳಿಸುವವನು

ಮಾರ್ಗೊನೊನಿಗೆ ಎಡಪಾದ ಇರಲಿಲ್ಲ. ಬೈಕಿನಲ್ಲಿ ಗೇರ್ ಇರುವುದು ಎಡಪಾದಕ್ಕೇ.

ಪಾದ ಹೋದದ್ದು ಬೈಕಿನಿಂದಲ್ಲ. ಮೆರ್ಬಾಬು ಬೆಟ್ಟದ ಇಳಿಜಾರಿನಲ್ಲಿ ವರ್ಷಗಟ್ಟಲೆ ತರಕಾರಿ ಇಳಿಸಿದವನು ಒಮ್ಮೆಯೂ ಬಿದ್ದಿರಲಿಲ್ಲ. ಕೆಳಗಿನ ಸಂತೆಯಲ್ಲಿ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ, ಯಾರೋ ಹ್ಯಾಂಡ್‌ಬ್ರೇಕ್ ಹಾಕದೆ ನಿಲ್ಲಿಸಿದ್ದ ಪಿಕಪ್ಪು ಹಿಂದಕ್ಕೆ ಉರುಳಿ ಬಂದು ಪಾದವನ್ನು ಅರೆದುಹಾಕಿತು.

ಅಂದಿನಿಂದ ಬೈಕು ಓಡಿಸುವವಳು ಹೆಂಡತಿ ವಿನಾರ್ತಿ. ಕ್ಲಚ್ ಇರುವ ಬೈಕಿಗೆ ಆ ಕಡೆ ಗಂಡು ಬೈಕು ಅನ್ನುತ್ತಾರೆ. ಹೆಂಗಸರು ಗೇರಿಲ್ಲದ ಸ್ಕೂಟರಿನಲ್ಲಿ ಓಡಾಡುತ್ತಾರೆ. ಆದರೆ ಬುಟ್ಟಿ ಹೇರಿಕೊಂಡು ಸ್ಕೂಟರಿನಲ್ಲಿ ಆ ಇಳಿಜಾರು ಇಳಿಯುವುದು ಆಗದ ಮಾತು. ಬ್ರೇಕೊಂದನ್ನೇ ನಂಬಿ ಬಂದವರ ಚಕ್ರದಿಂದ ಹೊಗೆ ಏಳುತ್ತದೆ. ಕೆಳಗಿನ ತಿರುವಿನಲ್ಲಿ ಅದಕ್ಕೆ ನೀರು ಎರಚಲೆಂದೇ ಜನ ಬಕೆಟ್ಟು ಹಿಡಿದು ನಿಂತಿರುತ್ತಾರೆ. ಹಾಗಾಗಿ ವಿನಾರ್ತಿ ಗಂಡು ಬೈಕು ಕಲಿತಳು. ಎರಡು ಬದಿಗೆ ಬುಟ್ಟಿ, ಹಿಂದಿನ ಸೀಟಿನಲ್ಲಿ ಗಂಡ. ಅವನು ಅವಳ ಕಿವಿಗೆ ಬಾಯಿಟ್ಟು ಕೂಗುತ್ತಿದ್ದ.

"ಮೂರಕ್ಕೆ ಹಾಕು! ಆಕ್ಸಿಲರೇಟರ್ ಒಂಚೂರು ಕೊಡು. ಈಗ ಕ್ಲಚ್ ಬಿಡು, ಮೆಲ್ಲಗೆ! ಎರಡಕ್ಕೆ! ಏಯ್, ಇಳಿಜಾರಲ್ಲಿ ಕ್ಲಚ್ ಹಿಡ್ಕೊಂಡು ಉರುಳಿಸ್ಬೇಡ ಅಂತ ಎಷ್ಟು ಸಲ ಹೇಳ್ಲಿ? ಎಂಜಿನ್ನೇ ಜಗ್ಗಿ ಹಿಡಿಯತ್ತೆ, ಹಿಡೀಲಿ ಬಿಡು!"

ಸಂತೆಯ ಬಾಗಿಲಲ್ಲಿ ಬೈಕು ನಡಿಗೆಯ ವೇಗಕ್ಕೆ ಬಂದು ಎಂಜಿನ್ ನಡುಗಲು ಶುರುವಾದಾಗ ಕೊನೆಯ ಅಪ್ಪಣೆ: "ಈಗ ಹಿಡಿ." ಅವಳು ಕ್ಲಚ್ ಹಿಡಿಯುತ್ತಿದ್ದಳು. ಬೈಕು ನಿಲ್ಲುತ್ತಿತ್ತು. ಓಡಿಸಿದವನು ತಾನೇ ಎಂಬಂತೆ ಮಾರ್ಗೊನೊ ಬೆವರು ಒರೆಸಿಕೊಳ್ಳುತ್ತಿದ್ದ.

ಹಮಾಲರಿಗೆ ಇದು ದಿನದ ತಮಾಷೆ. "ಬಂತಪ್ಪಾ, ಎರಡು ತಲೆ ಗಂಡು ಬೈಕು!" ಎಂದು ಅವರಲ್ಲೊಬ್ಬ ಗೆಪೆಂಗ್ ಕೂಗುತ್ತಿದ್ದ. "ಹುಂಜ ಹಿಂದೆ ಕೂತು ಕೂಗ್ತದೆ, ಹ್ಯಾಟೆ ಓಡಿಸ್ತದೆ!"

"ನಿನ್ ಹೆಂಡ್ತಿ ನಿನ್ನ ಹಿಂದೇನೂ ಕೂರಲ್ಲ, ಮುಂದೇನೂ ಕೂರಲ್ಲ. ಮುಚ್ಕೊಂಡು ಮೂಟೆ ಹೊರು," ಎನ್ನುತ್ತಿದ್ದ ಮಾರ್ಗೊನೊ. ಈ ಮಾತು ಅವನಿಗೆ ತಾಗುತ್ತಿರಲಿಲ್ಲ. ಕೂಗುವುದಕ್ಕೆ ಅವನೊಬ್ಬ ಬೇಕಲ್ಲ.

ತಾಗಿದ್ದು, ಎಲ್ಲರೂ ಬು, ಅಂದರೆ ಅಮ್ಮ, ಎಂದು ಕರೆಯುವ ತರಕಾರಿ ವ್ಯಾಪಾರದ ಕಸಿಯೆಂ ಆಡಿದ ಮಾತು. ಒಂದು ಸಂತೆ ದಿನ ಅವಳು ಕ್ಯಾರೆಟ್ ಆರಿಸುತ್ತಾ, ಮುಖ ಎತ್ತದೆ ವಿನಾರ್ತಿಗೆ ಹೇಳಿದಳು: "ಟೊಮೇಟೊ ಸಾಲ್ತಾ ಇಲ್ಲ ಕಣೇ. ಹಿಂದೆ ಇನ್ನೊಂದು ಬುಟ್ಟಿ ಕಟ್ಟು. ಇವರನ್ನ ಯಾಕೆ ಸುಮ್ನೆ ಹೊತ್ಕೊಂಡು ಬರ್ತೀಯ?"

"ನೋಡೋಣ ಬು," ಎಂದಳು ವಿನಾರ್ತಿ.

ಆಗಲ್ಲ ಅನ್ನಲಿಲ್ಲ. ಮಾರ್ಗೊನೊ ತಿನ್ನುತ್ತಿದ್ದ ತೆಂಪೆಯನ್ನು, ಆ ಕರಿದ ಸೋಯಾ ತುಂಡನ್ನು, ತಟ್ಟೆಗೆ ಹಾಕಿದ.

ಮುಂದಿನ ಸಂತೆಗೆ ಇಳಿಯುವಾಗ ಅವನು ಬಾಯಿ ಬಿಡಲಿಲ್ಲ. ತಾನಿಲ್ಲದಿದ್ದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಾಗಲಿ. ಮೊದಲ ತಿರುವು ಬಂತು. ಅವಳು ಮೂರಕ್ಕೆ ಇಳಿಸಿದಳು. ಎಂಜಿನ್ ಒಮ್ಮೆ ಗುಟುರು ಹಾಕಿ ಬೈಕನ್ನು ಜಗ್ಗಿ ಹಿಡಿಯಿತು. ಬಂಡೆಯ ತಿರುವಿನಲ್ಲಿ ಎರಡು. ಕ್ಲಚ್ ಎಷ್ಟು ಹದವಾಗಿ ಬಿಟ್ಟಳೆಂದರೆ ಅವನ ಎದೆ ಅವಳ ಬೆನ್ನಿಗೆ ತಗುಲಲಿಲ್ಲ. ಅವನು ಓಡಿಸುತ್ತಿದ್ದಾಗ ಅವಳ ಮೂಗು ಅವನ ಬೆನ್ನಿಗೆ ಎಷ್ಟೋ ಸಲ ಬಡಿದಿತ್ತು. ಸಂತೆಯ ಬಾಗಿಲಲ್ಲಿ ಬೈಕು ಎಮ್ಮೆ ಮಲಗಿದ ಹಾಗೆ ನಿಂತಿತು.

"ಇವತ್ತು ಗಂಟಲು ನೋವಾ ಮಾಸ್?" ಎಂದು ಕೇಳಿದಳು ಅವಳು, ಬುಟ್ಟಿಯ ಹಗ್ಗ ಬಿಚ್ಚುತ್ತಾ. ಗಂಡನನ್ನು ಅವಳು ಕರೆಯುವುದು ಮಾಸ್ ಎಂದೇ.

"ಯಾಕೆ?"

"ಏನಿಲ್ಲ. ಕಿವಿಗೆ ಹಿತವಾಗಿತ್ತು."

ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಅವನು ಜಗಳ ತೆಗೆಯಬಹುದಿತ್ತು. ಅವಳು ತನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟು ಕಾಲವಾಗಿದೆ ಎಂದು ಯೋಚಿಸಿದ. ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಅವನು ಕೂಗುವ ಹೊತ್ತಿಗೆ ಅವಳು ಹೇಗೂ ಅದನ್ನೇ ಮಾಡುತ್ತಿದ್ದಳು.

ಅದರ ಮುಂದಿನ ಸಂತೆಯ ದಿನ ಟೊಮೇಟೊ ಹೇರಿದ್ದರು. ಬಂಡೆಯ ತಿರುವಿಗೆ ಬರುವಾಗ ಮುಂದೊಂದು ಲಾರಿ ತೆವಳುತ್ತಿತ್ತು. ವಿನಾರ್ತಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟಾಗಿತ್ತು. ಒಂದೇ ಒಂದು ಸಲ ಇವಳು ತಡವರಿಸಲಿ, ಆಮೇಲೆ ನಾನೇ ಸರಿಮಾಡುತ್ತೇನೆ. ಮಾರ್ಗೊನೊನ ತಲೆಯಲ್ಲಿ ಇದ್ದದ್ದು ಅಷ್ಟೇ. ಅವಳ ಕಿವಿಯಲ್ಲಿ ಹಿಂದೆಂದೂ ಕೂಗದಷ್ಟು ಜೋರಾಗಿ ಕೂಗಿದ.

"ಕ್ಲಚ್ ಹಿಡಿ! ಹಿಡೀ!"

ಲಾರಿಯಾಚೆ ತನಗೆ ಕಾಣದ ಏನೋ ಅವನಿಗೆ ಕಂಡಿದೆ ಎಂದುಕೊಂಡಳು. ಹಿಡಿದಳು.

ಹಗ್ಗ ಬಿಚ್ಚಿದ ಹೋರಿಯಂತೆ ಬೈಕು ಮುನ್ನುಗ್ಗಿತು. ಅವನು ಮತ್ತೆ ಏನೋ ಕೂಗಲು ಹೋದ, ಬಾಯಿಂದ ಬರೀ ಗಾಳಿ ಬಂತು. ಅವಳು ಎರಡೂ ಬ್ರೇಕ್ ಒತ್ತಿ, ಲಾರಿಯ ಹಿಂಬದಿ ಮುಖದ ಹತ್ತಿರ ಬಂದಾಗ ಎಡಕ್ಕೆ ಎಳೆದು ಚರಂಡಿಗೆ ಹಾಕಿದಳು. ಟೊಮೇಟೊ ರಸ್ತೆಯ ತುಂಬ ಉರುಳಿತು. ಹಿಂದಿನಿಂದ ಬಂದ ಪಿಕಪ್ಪು ಅದರ ಮೇಲೆಯೇ ಹಾದುಹೋಯಿತು.

ವಿನಾರ್ತಿ ಎದ್ದು ಮೊದಲು ಅವನ ಊರುಗೋಲು ಹುಡುಕಿ ಕೊಟ್ಟಳು. ಅವಳ ಮೊಣಕೈಯಿಂದ ರಕ್ತ ಸೋರುತ್ತಿತ್ತು.

"ಯಾಕೆ ಹಾಗೆ ಕೂಗಿದ್ರಿ?"

"ಲಾರಿ ನೋಡಿ ಗಾಬರಿ ಆಯ್ತು."

"ನೀವು ಗಾಬರಿ ಆಗೋರಲ್ಲ," ಎಂದಳು. ಆಮೇಲೆ ಬಗ್ಗಿ, ಒಡೆಯದೆ ಉಳಿದ ಟೊಮೇಟೊಗಳನ್ನು ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಅವನೂ ಒಂದನ್ನು ಎತ್ತಿ ಕೊಡಲು ಹೋದ. "ಇರ್ಲಿ, ಅಲ್ಲೇ ಕೂತಿರಿ," ಎಂದಳು.

ಬೈಕು ರಿಪೇರಿಯಾಗಿ ಬಂದ ಮೇಲೆ ಅವಳು ಹಿಂದಿನ ಸೀಟಿನ ಮೇಲೆ ಮೂರನೆಯ ಬುಟ್ಟಿ ಕಟ್ಟಿದಳು. ಅವನನ್ನು ಕೇಳಲಿಲ್ಲ, ಬೈಯಲೂ ಇಲ್ಲ. "ಅನ್ನ ಮುಚ್ಚಿಟ್ಟಿದೀನಿ," ಎಂದು ಹೇಳಿ ಹೊರಟಳು. ಮಾರ್ಗೊನೊ ಅಂಗಳದಲ್ಲಿ ನಿಂತು ಇಳಿಜಾರಿನ ಸದ್ದು ಕೇಳಿಸಿಕೊಂಡ. ಮೂರಕ್ಕೆ ಬಿತ್ತು. ಎರಡಕ್ಕೆ ಬಿತ್ತು. ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು.

ಬಂಡೆಯ ತಿರುವಿನಲ್ಲಿ ಹೋದದ್ದು ಎರಡು ಬುಟ್ಟಿ ಟೊಮೇಟೊ, ಒಂದು ಕನ್ನಡಿ, ಒಂದು ಕ್ಲಚ್ ಹಿಡಿ, ಒಬ್ಬ ಕೂರುವಷ್ಟು ಸೀಟು.