ತಲೆ ಕೊಡೇ

“ಮೆಲ್ಲಗೆ ಬಾಚೇ. ಸತ್ತವರಿಗೇನು ನೋಯಲ್ವಾ?” ಎಂದ ಅಣ್ಣ ಬಾಗಿಲಲ್ಲಿ ನಿಂತು.

ಪೀಪಿ ಅಮ್ಮನ ಬಿಳಿಗೂದಲಿನ ಸಿಕ್ಕಿಗೆ ಬಾಚಣಿಗೆ ಹಾಕಿ ಎಳೆದಳು. ದನಿ ಕೀರಲು ಎಂದು ಚಿಕ್ಕಂದಿನಲ್ಲಿ ಅಣ್ಣನೇ ಇಟ್ಟ ಹೆಸರು ಪೀಪಿ. ತಲೆ ನರೆಯತೊಡಗಿದರೂ ಅದು ಅವಳನ್ನು ಬಿಟ್ಟಿರಲಿಲ್ಲ. ಅವನದೋ, ಡೋಲಿನ ದನಿ. ಈ ಮನೆಯಲ್ಲಿ ಡೋಲು ಒಮ್ಮೆ ಗುಡುಗಿದರೆ ಸಾಕು, ಅಮ್ಮ ತಿರುಗುತ್ತಿದ್ದಳು. ಪೀಪಿ ಊದಿ ಊದಿ ಕೆನ್ನೆ ಸೋತರೂ ಊಹೂಂ.

ಆಸ್ಪತ್ರೆಯಲ್ಲೂ ಅದೇ ಕತೆ. ಹಗಲೆಲ್ಲ ಮಂಚದ ಪಕ್ಕ ಕೂತು “ಅಮ್ಮಾ, ಅಮ್ಮಾ” ಎಂದು ಬಾಯಿ ಬಡಿದುಕೊಂಡವಳು ಇವಳು. ಸಂಜೆ ಬಂದ ಅಣ್ಣ ಬಾಗಿಲಿನಿಂದಲೇ “ಏನಮ್ಮಾ” ಎಂದದ್ದಕ್ಕೆ ಅಮ್ಮ ಕಣ್ಣು ಬಿಟ್ಟಳು! ಇವಳ ಪಾಲಿಗೆ ಬಂದದ್ದು ಒಂದೇ ಮಾತು, ಅದೂ ಕೊನೆಯದು: “ತಲೆ... ಕೊಡೇ.” ತಲೆದಿಂಬು ಕೇಳುತ್ತಿದ್ದಾಳೆಂದು ಪೀಪಿ ಇನ್ನೊಂದು ದಿಂಬು ತಂದಿಟ್ಟಳು. ಅಮ್ಮ ಅದನ್ನು ತಳ್ಳಿ ಗೋಡೆಯ ಕಡೆ ಮುಖ ಮಾಡಿದಳು. ನಾನು ಕೊಟ್ಟ ದಿಂಬೂ ಬೇಡವಾಯಿತೇ ಎಂಬ ಉರಿ ಇನ್ನೂ ಆರಿರಲಿಲ್ಲ.

*

ಅಮ್ಮ ಬಟ್ಟೆ ಗಿರಣಿಯಿಂದ ಬಂದವಳೇ, ಕೂದಲಿನ ಹತ್ತಿಧೂಳನ್ನೂ ಕೊಡವದೆ, ಪುಟ್ಟ ಮಗಳನ್ನು ಮಡಿಲಿಗೆಳೆದು ನೆತ್ತಿಯ ಮೇಲೆ ಗದ್ದ ಊರುತ್ತಿದ್ದಳು.

“ಹ್ಞೂಂ, ಈಗ ಹೇಳು.”

“ಅಮ್ಮಾ, ಇವತ್ತು ಏನಾಯ್ತು ಗೊತ್ತಾ?”

ಶುರುವಾದರೆ ನಿಲ್ಲುವ ಬಾಯಲ್ಲ ಅದು. ಅಮ್ಮ ನಗಬೇಕಾದಲ್ಲೆಲ್ಲ ನಗುತ್ತಿದ್ದಳು. ಆ ನಗು ಮಗಳ ತಲೆಬುರುಡೆಯೊಳಗೇ ಕೇಳುತ್ತಿತ್ತು.

ಎದೆಯುದ್ದ ಬೆಳೆದ ಮೇಲೆ, ಒಂದು ದಿನ ಗೆಳತಿಯರ ಎದುರು, ಪೀಪಿ ಕೊಸರಿಕೊಂಡಳು. “ಥೂ, ಅಂಟ್ಕೋಬೇಡಮ್ಮ, ಬೆವರು ನಾರುತ್ತೆ!”

ಅಮ್ಮ ಗದ್ದ ತೆಗೆದಳು. ಆಮೇಲೆ ಆಗೊಮ್ಮೆ ಈಗೊಮ್ಮೆ “ತಲೆ ಕೊಡೇ” ಎನ್ನುತ್ತಿದ್ದಳು. “ಬೆಳಗ್ಗೆನೇ ಬಾಚ್ಕೊಂಡಿದೀನಿ” ಎಂದು ಪೀಪಿ ಜಡೆ ಬೀಸಿಕೊಂಡು ಹೊರಟುಬಿಡುತ್ತಿದ್ದಳು.

*

ಗಿರಣಿಯಲ್ಲಿ ಅಮ್ಮನ ಪಕ್ಕದ ಮಗ್ಗ ನಡೆಸುತ್ತಿದ್ದ ಅಜ್ಜಿ ಕೋಲೂರಿಕೊಂಡು ಬಂದಳು.

“ಕೂತ್ಕೊಳ್ಳಿ,” ಎಂದಳು ಪೀಪಿ. ಅಜ್ಜಿ ನಿಂತೇ ಇದ್ದಳು.

“ಕೂತ್ಕೊಳ್ಳಿ ಅಜ್ಜಿ,” ಎಂದ ಅಣ್ಣ. ಕೂತೇಬಿಟ್ಟಳು.

ಪೀಪಿಗೆ ಎಲ್ಲಿತ್ತೋ ಸಿಟ್ಟು. “ನಿಮಗೂ ಇವನ ಮಾತೇ ಮಾತಾ?” ಎಂದು ಕಿರುಚಿದಳು. ಬಂದವರೆಲ್ಲ ತಿರುಗಿ ನೋಡಿದರು.

ಅಜ್ಜಿ ಅವಳ ಕತ್ತಿಗೆ ಕೈ ಹಾಕಿದಳು. “ತಲೆ ಕೊಡೇ,” ಎಂದು ಎಳೆದುಕೊಂಡು ನೆತ್ತಿಗೆ ಗದ್ದ ಊರಿದಳು. “ಹ್ಞೂಂ, ಈಗ ಹೇಳು.”

ಗದ್ದದಡಿಯಿಂದಲೇ ಪೀಪಿ ಕೇಳಿದಳು, “ಇದೇನಜ್ಜಿ ಇದು?”

“ನಾವು ಗಿರಣೀಲಿ ಹಿಂಗೇ ಮಾತಾಡ್ತಿದ್ದದ್ದು. ಗಾಳೀಲಿ ಬಂದ ಮಾತನ್ನ ಮಗ್ಗದ ಸದ್ದು ನುಂಗಿಬಿಡೋದು, ಮೂಳೇಲಿ ಬಂದದ್ದು ದಾಟ್ಕೊಂಡು ಬರೋದು. ಊರವರು ಕಿವಿ ಕೊಡ್ತಾರೆ, ನಾವು ತಲೆ ಕೊಡ್ತೀವಿ.” ಅಜ್ಜಿ ನಕ್ಕಳು, ನಗು ಬೇಗ ಸತ್ತಿತು. “ನಮ್ಮ ಕಿವೀಲಿ ಮಗ್ಗ ಮೊದ್ಲು ತಿನ್ನೋದು ಸಣ್ಣ ದನಿ ಕಣೇ. ಹಕ್ಕಿ ಹೋಯ್ತು, ಮಕ್ಕಳ ದನಿ ಹೋಯ್ತು. ದಪ್ಪ ದನಿ ಒಂದಿಷ್ಟು ಉಳೀತು. ಕಿವುಡಿ ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತಾರಲ್ಲ, ನಿಮ್ಮಮ್ಮ ಬಾಯೇ ಬಿಡಲಿಲ್ಲ. ‘ಮಗಳು ದೊಡ್ಡೋಳಾದ್ಲು, ತಲೆ ಕೊಡಲ್ಲ’ ಅಂತ ಮಗ್ಗದ ಮುಂದೆ ಅತ್ತಿದ್ಲು ಒಂದಿನ.”

“ನನಗಾದ್ರೂ ಹೇಳಬಹುದಿತ್ತಲ್ಲಾ!”

“ಅಂಟ್ಕೋಬೇಡ ಅಂದ್ಯಂತೆ.”

ಹೊರಗೆ ವ್ಯಾನು ಬಂದು ನಿಂತಿತು. “ಏಳೇ, ಹೊತ್ತಾಯ್ತು,” ಎಂದ ಅಣ್ಣ. ಪೀಪಿ ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ. ಅಮ್ಮನ ತಲೆಯ ಕೆಳಗಿದ್ದ ದಿಂಬನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ಮಗ್ಗುಲಲ್ಲಿ ಮುದುರಿ ಮಲಗಿ, ಸೆಟೆದ ಆ ಗದ್ದದಡಿಗೆ ತನ್ನ ನೆತ್ತಿಯನ್ನು ಒತ್ತಿಹಿಡಿದಳು.

“ಅಮ್ಮಾ,” ಎಂದಳು ಕೀರಲು ದನಿಯಲ್ಲಿ, “ಇವತ್ತು ಏನಾಯ್ತು ಗೊತ್ತಾ?”