ನಮ್ಮ ಭಾವನ ಕಪ್ಪು-ಬಿಳಿ ಗುಲಾಬಿ

ನಮ್ಮ ಭಾವ ಹೂವಿನ ಫೋಟೊ ತೆಗೆಯುವಾಗ ಉಸಿರು ಬಿಗಿಹಿಡಿಯುತ್ತಾರೆ. ನಾನೂ ನೀವೂ ಹಿಡಿದಂತಲ್ಲ. ಅವರು ಆ ಉಸಿರನ್ನು ಬಿಡುವಷ್ಟರಲ್ಲಿ ಎದುರಿನ ಮೊಗ್ಗು ಅರಳಿ, ಬಾಡಿ, ದಳವುದುರಿಸಿ, ಪಕ್ಕದ ಮೊಗ್ಗಿಗೆ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡಿಯೂರಿ, ಕತ್ತು ಓರೆ ಮಾಡಿ, ಎಡಗಣ್ಣು ಮುಚ್ಚಿ ಕುಂಡದ ಮುಂದೆ ಅವರು ಶಿಲೆಯಾಗಿ ಕೂತರೆ, ಎದುರು ಮನೆಯ ನರ್ಸಮ್ಮ ಗಾಬರಿಯಿಂದ ಎರಡು ಸಲ ನಾಡಿ ಹಿಡಿದು ನೋಡಿ ಹೋಗಿದ್ದುಂಟು.

ಮೈಮೇಲೆ ಸದಾ ಒಂದು ಬೂದು ಕೋಟು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಾಗ ಹೊಲಿಸಿದ್ದು. ಭಾವ ನಿವೃತ್ತರಾದರೂ ಕೋಟು ಆಗಲಿಲ್ಲ. ಅದರ ಜೇಬುಗಳ ಆಳವನ್ನು ಬಲ್ಲವರಿಲ್ಲ. ಲೆನ್ಸು ಒರೆಸುವ ಬಟ್ಟೆಗೆಂದು ಕೈಯಿಳಿಸಿದ ನಾನು ಒಮ್ಮೆ ಹೆಗಲಿನವರೆಗೂ ಒಳಗೆ ಹೋಗಿ, ಅಕ್ಕ ಕಾಲು ಹಿಡಿದೆಳೆದದ್ದರಿಂದ ಬದುಕಿಕೊಂಡೆ. ಮಾತು ಮಾತ್ರ ಜೇಬಿನಷ್ಟು ಉದಾರವಲ್ಲ. ಹೊಸ ಪರದೆಯಿರಲಿ, ಹೊಸ ಅಳಿಯನಿರಲಿ, ಯಾವುದನ್ನು ತೋರಿಸಿದರೂ ಒಂದೇ ಉತ್ತರ: "ಚೆನ್ನಾಗಿದೆ, ಚೆನ್ನಾಗಿದೆ."

"ಮನೆಗೆ ಬೆಂಕಿ ಬಿದ್ರೂ ಹಾಗೇ ಅಂತಾರೆ ಕಣೋ," ಎಂದು ಅಕ್ಕ ನನ್ನೆದುರು ಎಷ್ಟೋ ಸಲ ಗೊಣಗಿದ್ದಾಳೆ.

ಅಕ್ಕನ ಸಂಕಟಕ್ಕೆ ಕಾರಣವಿತ್ತು. ಅವಳ ಪ್ರಾಣವೆಲ್ಲ ತಾರಸಿಯ ಮೇಲಿನ ಕೆಂಪು ಗುಲಾಬಿಗಳಲ್ಲಿ. ಮದುವೆಯಾದಾಗಿನಿಂದ ಆ ಗಿಡಗಳನ್ನು ಮಕ್ಕಳಿಗಿಂತ ಒಂದು ಕೈ ಹೆಚ್ಚಾಗಿಯೇ ಸಾಕಿದವಳು. ಭಾವ ಮಾತ್ರ ಒಂದು ದಿನವೂ ತಾವಾಗಿ "ಹೂ ಬಿಟ್ಟಿದೆ" ಎಂದವರಲ್ಲ. "ನೋಡ್ರೀ, ಎಷ್ಟು ಬಿಟ್ಟಿದೆ!" ಎಂದು ಇವಳು ಕೈ ತೋರಿಸಿದರೆ, "ಎಲ್ಲಿ?" ಎಂದು ಆಕಾಶದ ಕಡೆ ನೋಡುವರು. ಒಮ್ಮೆ ಸಹಾಯ ಮಾಡುವ ಉಮೇದಿನಲ್ಲಿ ಕತ್ತರಿ ಹಿಡಿದು, ಒಣಗಿದ ಎಲೆ ತೆಗೆಯುತ್ತೇನೆಂದು ಬಿರಿಯಲು ಸಿದ್ಧವಾಗಿದ್ದ ಮೊಗ್ಗುಗಳನ್ನೆಲ್ಲ ಕತ್ತರಿಸಿ ಬುಟ್ಟಿಗೆ ಹಾಕಿದ್ದರು. ಅಂದು ಅಕ್ಕ ಸುರಿಸಿದ ಕಣ್ಣೀರಿಗೆ ಕೆಳಗಿನ ಮನೆಯವರು ಛತ್ರಿ ಬಿಚ್ಚಿಕೊಂಡರು.

ಇಂಥ ಮನುಷ್ಯ ನಿವೃತ್ತಿಯ ನಂತರ ಹೂವಿನ ಫೋಟೊ ಹಿಡಿಯತೊಡಗಿದಾಗ ಅಕ್ಕ ಹಿಗ್ಗಿದಳು. ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಭಾವ ತೆಗೆದ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಬಣ್ಣ ಕಳೆದು, ಹಳೆಯ ಫಿಲ್ಮಿನ ಹರಳುಹರಳು ಮಬ್ಬನ್ನು, ಗೀರನ್ನು, ಧೂಳಿನ ಚುಕ್ಕೆಗಳನ್ನು ಭಕ್ತಿಯಿಂದ ಅಂಟಿಸುತ್ತ ಕೂತರು. ಅಕ್ಕ ಒದ್ದೆ ಬಟ್ಟೆಯಿಂದ ಪರದೆಯನ್ನು ಎಷ್ಟು ಉಜ್ಜಿದರೂ ಆ ಧೂಳು ಹೋಗಲೊಲ್ಲದು. ಕೊನೆಗೆ ಅದು ಗಂಡನ ಕೈವಾಡವೆಂದು ತಿಳಿದಾಗ ಬಟ್ಟೆ ಬಿಸಾಡಿ ನನಗೆ ಫೋನು ಮಾಡಿದಳು.

ನಾನು ಹೋಗುವ ಹೊತ್ತಿಗೆ ಕುಂಡಗಳೆಲ್ಲ ಬಾಗಿಲ ಬಳಿ ಸಾಲಾಗಿ ನಿಂತಿದ್ದವು.

"ಎಲ್ಲಾನೂ ನರ್ಸಮ್ಮನಿಗೆ ಕೊಟ್ಬಿಡ್ತೀನಿ ಕಣೋ. ಇಷ್ಟು ವರ್ಷ ಇವರು ನೋಡ್ಲಿಲ್ಲ, ಸರಿ ಅಂದ್ಕೊಂಡೆ. ಈಗ ನೋಡಿದ್ರೆ, ಇದ್ದ ಬಣ್ಣಾನೂ ಕಿತ್ತು ಹಾಕ್ತಿದ್ದಾರೆ. ನಾನು ಬೆಳೆಸಿದ್ದು ಅಂದ್ರೆ ಅಷ್ಟು ತಾತ್ಸಾರ."

"ಏನು ಭಾವ ಇದು? ಹಾಡೋವ್ರ ಬಾಯಿಗೆ ಬಟ್ಟೆ ತುರುಕಿದ ಹಾಗೆ!" ಎಂದು ನಾನೂ ದನಿ ಸೇರಿಸಿದೆ.

ಭಾವ ಬಾಗಿಲ ಬಳಿಯ ಕುಂಡಗಳನ್ನೇ ನೋಡುತ್ತಿದ್ದರು. "ಚೆನ್ನಾಗಿದೆ" ಬರಲಿಲ್ಲ. ಎದ್ದು ನಿಂತು, "ಇಲ್ಲಿ ಬಾರೇ, ಕೂತ್ಕೊ," ಎಂದು ಅಕ್ಕನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಪರದೆಯ ಮೇಲೆ ಬಣ್ಣ ಕಳೆದ ಗುಲಾಬಿ ಗಿಡವೊಂದಿತ್ತು. ಎಲೆಯೂ ಬೂದು, ಹೂವೂ ಬೂದು; ಯಾವುದು ಎಲ್ಲಿ ಮುಗಿಯುತ್ತದೆಂದು ಹೇಳಲು ದುರ್ಬೀನು ಬೇಕು.

"ಗಿಡ ಎದುರಿಗೇ ಇದ್ರೂ ನನಗೆ ಹೀಗೇ ಕಣೇ. ಕೆಂಪು, ಹಸಿರು ಎಲ್ಲಾ ಒಂದೇ ಮಣ್ಣು ಬಣ್ಣ. ಹುಟ್ಟಿದಾಗಿಂದ."

ಆಮೇಲೆ ಕಂಪ್ಯೂಟರಿನ ಮೌಸಿನ ಮೇಲೆ ಕೈಯಿಟ್ಟು, ಪರದೆಯ ಅಂಚಿನ ಗೆರೆಯೊಂದನ್ನು ಮೆಲ್ಲಗೆ ಎಳೆದರು. ಹಿಂದೆ ಫೋಟೊದವರು ಫಿಲ್ಮ್ ಕ್ಯಾಮೆರಾದ ಮುಂದೆ ಕೆಂಪು ಗಾಜು ಹಿಡಿಯುತ್ತಿದ್ದರಂತೆ. ಕೆಂಪನ್ನು ಬೆಳಗಿಸಿ ಹಸಿರನ್ನು ಕಪ್ಪಾಗಿಸುವ ಆ ಗಾಜಿನ ಕೆಲಸವನ್ನು ಈಗ ಈ ಗೆರೆ ಮಾಡುತ್ತದೆ. ಎಲೆಗಳು ಒಂದೊಂದಾಗಿ ಕಪ್ಪಿಗಿಳಿದವು. ಅವುಗಳ ನಡುವಿನಿಂದ ಗುಲಾಬಿ ಬೆಳ್ಳಗೆ, ದಳದಳವಾಗಿ, ದೀಪ ಹಚ್ಚಿಟ್ಟಂತೆ ಎದ್ದು ಬಂತು.

"ಈಗ ಕಾಣುತ್ತೆ. ಹೂವು ಎಲ್ಲಿದೆ ಅಂತ ಈಗ್ಲೇ ಗೊತ್ತಾಗಿದ್ದು ನನಗೆ."

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾದದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಗೋಡೆಯ ಗಡಿಯಾರವೂ ಬೆಚ್ಚಿ ನಿಂತಿತು.

"ಮೊದಲೇ ಹೇಳೋಕೇನಾಗಿತ್ತು?"

"ನೋಡೋಕೆ ಬಂದಾಗ ನಿಮ್ಮಪ್ಪ ಕೇಳಿದ್ರು, ಏನಾದ್ರೂ ಊನ ಇದೆಯಾ ಅಂತ. ಇಲ್ಲ ಅಂದ್ಬಿಟ್ಟೆ. ಆಮೇಲೆ ಹೇಳೋ ಹೊತ್ತು ಮೀರಿಹೋಯ್ತು."

"ಹಾಗಾದ್ರೆ ಮದುವೇಲಿ ನಾನು ಉಟ್ಟಿದ್ದ ಕೆಂಪು ರೇಷ್ಮೆ?"

"ಕೆಂಪಾ ಅದು?" ಭಾವ ನಿಜವಾಗಿಯೂ ಬೆರಗಾದರು. "ಒಣಗಿದ ಎಲೆ ಬಣ್ಣ ಅಂದ್ಕೊಂಡಿದ್ದೆ. ಆದ್ರೂ ಚೆನ್ನಾಗಿ ಕಾಣ್ತಿದ್ದೆ."

ಅಕ್ಕ ನಕ್ಕಳೋ ಅತ್ತಳೋ, ಎರಡನ್ನೂ ಒಟ್ಟಿಗೇ ಮುಗಿಸಿದಳೋ, ನನಗೆ ಬಗೆಹರಿಯಲಿಲ್ಲ. ಕಣ್ಣೊರೆಸಿಕೊಂಡು, "ಆ ಕಡೆ ಮೊಗ್ಗು ಒಂದಿದೆ, ಇನ್ನೂ ಕತ್ತಲಲ್ಲಿದೆ. ಸ್ವಲ್ಪ ಬೆಳಗಿಸ್ರೀ," ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಏನೋ ಹಾಗೆ ನಿಂತಿದ್ದೀಯ? ಕುಂಡಗಳನ್ನ ಮೇಲೆ ಸಾಗಿಸು." ಆ ಕುಂಡಗಳ ಭಾರದಿಂದ ನಾನು ಅಂದು ಕುಗ್ಗಿದ ಒಂದು ಗೇಣು ಇಂದಿಗೂ ಮರಳಿಲ್ಲ.

ಲೋಕದಲ್ಲಿ ಇಂಥವರ ಒಂದು ಬಳಗವೇ ಇದೆ. ಒಂದು ಕೊರತೆಯನ್ನು ಎರಡು ಸವಿಮಾತುಗಳ ಹಿಂದೆ ಬಚ್ಚಿಟ್ಟುಕೊಂಡು, ಅರಸಿಕರೆಂಬ ಬಿರುದನ್ನು ಚಕಾರವೆತ್ತದೆ ಹೊತ್ತು ಸವೆಯುವವರು. ಸಲೀಸಾಗಿ ಕಾಣಬಲ್ಲ ನಾವು ಒಮ್ಮೆ ನೋಡಿ, ಆಹಾ ಎಂದು ಉದ್ಗರಿಸಿ, ಮುಂದಿನ ಕುಂಡಕ್ಕೆ ಹೋಗಿಬಿಡುತ್ತೇವೆ. ಅವರು ಹೋಗುವುದಿಲ್ಲ. ತಮ್ಮವರ ಕೈಯಲ್ಲಿ ಅರಳಿದ್ದು ಏನೆಂದು ಒಂದೇ ಒಂದು ಸಲ ಕಾಣುವುದಕ್ಕಾಗಿ, ಜಗತ್ತಿನ ಬಣ್ಣವನ್ನೆಲ್ಲ ಕಳೆದುಬಿಡಲೂ ಸಿದ್ಧರಾಗಿ ಕೂತಿರುತ್ತಾರೆ.