ತಿಳಿಸಬೇಕಾದವರ ಹೆಸರು

ನೆಂಟರೆಲ್ಲ ಹೊರಟುಹೋಗಿ, ಅಂಗಳದ ಶಾಮಿಯಾನ ಬಿಚ್ಚಿ, ಬಾಡಿಗೆಯ ಪಾತ್ರೆಗಳು ಊಟಿಗೆ ವಾಪಸಾದ ಮೇಲಿನ ಮೊದಲ ಬೆಳಗು ಅದು. ಎದ್ದಾಗ ಜೀವಿತಾಳಿಗೆ ಎಂದಿನಂತೆ ಹಾಲಿನ ಕ್ಯಾನಿನ ಸದ್ದು ಕೇಳಿಸಿತು. ಕೆಳಗಿನ ಮೆಟ್ಟಿಲು ಹೊಲದಲ್ಲಿ ಯಾರೋ ಕ್ಯಾರೆಟ್ ಕೀಳುತ್ತಲೇ ಫೋನಿನಲ್ಲಿ ಜಗಳವಾಡುತ್ತಿದ್ದರು. ಲೋಕಕ್ಕೆ ಹತ್ತು ದಿನ ಸಾಕಾಗಿತ್ತು.

ಹತ್ತು ದಿನದ ಹಿಂದೆ ಊಟಿಯ ಮಂಡಿಯಲ್ಲಿ ಕ್ಯಾರೆಟ್ ಮೂಟೆ ಇಳಿಸುತ್ತಿದ್ದ ಅವಳ ಗಂಡ ದಿನೇಶ್‌ಕುಮಾರ್ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೂವತ್ತಮೂರು ವರ್ಷ. ಅವಳು ಅಳಲಿಲ್ಲ. ಅತ್ತರೆ ಒಳ್ಳೆಯದು ಎಂದು ಎಲ್ಲರೂ ಹೇಳಿದರು, ಅವಳೂ ಒಪ್ಪಿಕೊಂಡಳು, ಆದರೆ ಬರಲಿಲ್ಲ. ಅವನ ಪಿಕಪ್ ಗಾಡಿಯೊಳಗೆ ಸೀಟಿನ ಹಿಂದೆ ಸದಾ ಇರುತ್ತಿದ್ದ ಬೂದು ಕಂಬಳಿಯೊಂದನ್ನು ಮಾತ್ರ ತಂದು ಹೊದ್ದು ಮಲಗಿದಳು. ಕೆಂಪು ಅಂಚಿನ, ಹಳೆಯ ಕಂಬಳಿ. ಡೀಸೆಲ್, ಹಸಿ ಮಣ್ಣು, ಅವನ ಕತ್ತು. ಅಷ್ಟು ವಾಸನೆ ಅದರಲ್ಲಿತ್ತು.

"ಅದನ್ನ ಒಗೆದು ಹಾಕಬಾರದಾ, ಜೀವಿ?" ಎಂದು ಅತ್ತೆ ಪಂಕಜಂ ಎರಡು ಸಲ ಕೇಳಿದ್ದರು.

"ಬೇಡ ಮಾಮಿ."

ಅವಳಿಗೆ ಶವಸಂಸ್ಕಾರದಲ್ಲಿ ನೆನಪಿದ್ದದ್ದು ಒಂದೇ. ಹಟ್ಟಿಯ ಹಿರಿಯರು ಹೆಣದ ತಲೆಯ ಕಡೆ ನಿಂತು, ಸತ್ತವನ ಪಾಪಗಳನ್ನು ಸಾಲಾಗಿ ಎಣಿಸಿದ್ದರು. ಹರಿಯುವ ಹಾವನ್ನು ಕೊಂದಿರಬಹುದು, ಗಡಿಯ ಕಲ್ಲು ಸರಿಸಿರಬಹುದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿರಬಹುದು. ಪ್ರತಿಯೊಂದಕ್ಕೂ ನೆರೆದವರು ಒಂದೇ ದನಿಯಲ್ಲಿ "ಅದೂ ಪಾಪವೇ" ಎನ್ನುತ್ತಿದ್ದರು. ಮಾಡಿರಲಿ ಬಿಡಲಿ, ಎಲ್ಲವನ್ನೂ ಹೇಳಿ ಕಳಿಸುವುದು ಬಡಗರ ರೀತಿ. ಇವನು ಹಲ್ಲಿಗೂ ದಾರಿ ಬಿಟ್ಟವನು, ಇಷ್ಟೊಂದು ಪಾಪ ಮಾಡಲು ಇವನಿಗೆ ಪುರುಸೊತ್ತಾದರೂ ಎಲ್ಲಿತ್ತು ಎಂದುಕೊಂಡು ಅವಳಿಗೆ ನಗು ಬಂದಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಬಳಿ ಪೊಲೀಸಿನವನೊಬ್ಬ ಬಂದು ನಿಂತ. ಎದೆಯ ಮೇಲೆ ಚಂದ್ರನ್ ಎಂಬ ಹೆಸರಿತ್ತು. ತಮಿಳಿನಲ್ಲಿ ಕೇಳಿದ:

"ದಿನೇಶ್‌ಕುಮಾರ್, ತಂದೆ ರಂಗನಾಥನ್. ಇದೇ ಮನೆಯಾ?"

"ಹೌದು."

"ಇದ್ದಾರಾ?"

"ಇಲ್ಲ."

"ಎಲ್ಲಿಗೆ ಹೋದ್ರು? ಯಾವಾಗ ಬರ್ತಾರೆ? ಸುಳ್ಳು ಹೇಳಬೇಡಮ್ಮಾ, ನಾನು ಗೂಡಲೂರಿನಿಂದ ಮೂರು ಬಸ್ ಹತ್ತಿ ಬಂದಿದೀನಿ."

ಜೀವಿತಾ ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಕಾಣಿಸಿತು. ಚಂದ್ರನ್ ಟೋಪಿ ತೆಗೆದ.

"ಮೊದಲೇ ಹೇಳಬಾರದೇನಮ್ಮಾ?"

"ನೀವು ಇದ್ದಾರಾ ಅಂತ ಕೇಳಿದ್ರಿ."

ಪಂಕಜಂ ಕಾಪಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ಅವನು ದನಿ ತಗ್ಗಿಸಿದ. ಕೈಯಲ್ಲಿದ್ದದ್ದು ವಾರಂಟ್. ಜೂನ್ ತಿಂಗಳ ವಿಚಾರಣೆಗೆ ಆರೋಪಿ ಬಂದಿಲ್ಲ, ಹಿಡಿದು ತರಬೇಕು ಎಂದು ಕೋರ್ಟಿನ ಆದೇಶ.

"ತೊರಪಳ್ಳಿ ರಸ್ತೆ ಮರಿಯಲ್ ಕೇಸು. ಡಿಸೆಂಬರ್‌ನಲ್ಲಿ ದಾರಿ ಅಡ್ಡಗಟ್ಟಿದ್ರಲ್ಲ, ಅದು. ಎರಡು ರಾತ್ರಿ ಸಬ್ ಜೈಲಲ್ಲಿದ್ರು. ನಿಮಗೆ ಗೊತ್ತಿರಬೇಕಲ್ಲ?"

"ಗೊತ್ತು," ಎಂದಳು ಜೀವಿತಾ.

ಗೊತ್ತಿರಲಿಲ್ಲ. ಆದರೆ ಗಂಡನ ಬಗ್ಗೆ ಗೂಡಲೂರಿನ ಪೊಲೀಸಿನವನಿಗೆ ಗೊತ್ತಿದ್ದದ್ದು ತನಗೆ ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಸತ್ತವರನ್ನ ನಾನೇನು ಹಿಡ್ಕೊಂಡು ಹೋಗಲ್ಲ. ಆದ್ರೆ ಡೆತ್ ಸರ್ಟಿಫಿಕೇಟ್ ಕೋರ್ಟಿಗೆ ಕೊಡೋವರೆಗೂ ಕಾಗದದಲ್ಲಿ ಅವರು ತಲೆಮರೆಸಿಕೊಂಡಿರೋರು. ಬೇಗ ಕೊಟ್ಟುಬಿಡಿ." ಕಾಪಿ ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಂತಿರುಗಿಸಿ ಹೋದ.

"ಏನಂತೆ?" ಎಂದರು ಪಂಕಜಂ.

"ಗಾಡಿ ಇನ್ಶೂರೆನ್ಸ್ ವಿಷಯ ಮಾಮಿ."

ಡಿಸೆಂಬರ್‌ನ ಆ ಎರಡು ರಾತ್ರಿ ಅವಳಿಗೆ ಚೆನ್ನಾಗಿ ನೆನಪಿದ್ದವು. ಗುಂಡ್ಲುಪೇಟೆಗೆ ಕ್ಯಾರೆಟ್ ಒಯ್ದವನ ಫೋನು ಎರಡು ದಿನ ಸತ್ತುಹೋಗಿತ್ತು. ಮೂರನೆಯ ದಿನ ಬಂದು, ಗಾಡಿ ಕೆಟ್ಟಿತ್ತು, ಕಾಡಲ್ಲಿ ಸಿಗ್ನಲ್ ಇರಲಿಲ್ಲ ಎಂದಿದ್ದ. ಅವಳು ಬಿಸಿನೀರು ಕಾಯಿಸಿ ಕೊಟ್ಟಿದ್ದಳು.

ಜೀವಿತಾ ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿದವಳು. ಯಾವ ಕಾಗದ ಎಲ್ಲಿ ಕೂತಿರುತ್ತದೆ ಎಂದು ಹುಡುಕುವುದು ಅವಳು ಕಲಿತ ಒಂದೇ ಕಸುಬು. ಮಧ್ಯಾಹ್ನ ಫೋನಿನಲ್ಲಿ ಕೋರ್ಟಿನ ವೆಬ್‌ಸೈಟು ತೆರೆದು, ಜಿಲ್ಲೆ ಆರಿಸಿ, ಹೆಸರು ಹಾಕಿದಳು. ಹನ್ನೊಂದು ದಿನೇಶ್‌ಕುಮಾರರು ಬಂದರು. ಒಬ್ಬ ಚೆಕ್ ಬೌನ್ಸ್ ಮಾಡಿದವ, ಒಬ್ಬ ಹೆಂಡತಿಯಿಂದ ವಿಚ್ಛೇದನ ಕೇಳಿದವ, ಇಬ್ಬರು ಹೆಲ್ಮೆಟ್ ಹಾಕದವರು. ಒಬ್ಬೊಬ್ಬರನ್ನೇ ತೆರೆದು ಮುಚ್ಚಿದಳು. ಒಂಬತ್ತನೆಯವನು ಅವಳವನು. ಮೊದಲ ಆರೋಪಿ ಪ್ರಭು, ಎರಡನೆಯವ ಕೆಂಪ, ಮೂರನೆಯದು ಇನ್ಯಾರೋ, ನಾಲ್ಕನೆಯದು ದಿನೇಶ್‌ಕುಮಾರ್. ಮಾರ್ಚ್: ಹಾಜರ್. ಜೂನ್ ಹನ್ನೆರಡು: ನಾಲ್ಕನೆಯ ಆರೋಪಿ ಗೈರು, ವಾರಂಟ್. ಎಫ್‌ಐಆರ್‌ನ ಪ್ರತಿಯೂ ಸಿಕ್ಕಿತು. ತೊರಪಳ್ಳಿಯ ಬಳಿ ಪಿಕಪ್ ವಾಹನವನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ತೆಗೆಯಲು ಹೇಳಿದರೂ ತೆಗೆಯಲಿಲ್ಲ ಎಂದಿತ್ತು. ಯಾಕೆ ನಿಲ್ಲಿಸಿದ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಮರುದಿನವೇ ಗೂಡಲೂರಿಗೆ ಹೋದಳು. ಕೋರ್ಟಿನ ಗುಮಾಸ್ತ ಸೆಂಥಿಲ್ ಅರ್ಜಿ ತೆಗೆದುಕೊಂಡು, ಫೈಲು ತಂದು ಅವಳ ಮುಂದೆ ಇಟ್ಟ.

"ನೋಡ್ಕೊಳ್ಳಿ, ಹೆಸರು, ವಿಳಾಸ ಸರಿಯಿದೆಯಾ ಅಂತ. ಎರಡು ವಾರದಲ್ಲಿ ಇವರ ಮೇಲಿನ ಕೇಸು ಮುಗಿಸ್ತಾರೆ. ಬೇಕಾದ್ರೆ ನಕಲಿಗೆ ಬರ್ಕೊಡಿ."

ಬಂಧನದ ಕಾಗದ ತಮಿಳಿನಲ್ಲಿತ್ತು. ದಿನಾಂಕ, ಸಮಯ, ಸ್ಥಳ, ಮೈಮೇಲಿನ ಗುರುತು: ಎಡ ಹುಬ್ಬಿನ ಮೇಲೆ ಗಾಯದ ಕಲೆ. ಆ ಕಲೆಗೆ ಅವಳು ಎಷ್ಟು ಸಲ ಬೆರಳಿಟ್ಟಿದ್ದಳೋ. ಅದರ ಕೆಳಗೆ: ಬಂಧನದ ವಿಷಯ ತಿಳಿಸಬೇಕಾದ ಬಂಧು ಅಥವಾ ಸ್ನೇಹಿತರು. ಅದರ ಮುಂದೆ ನೀಲಿ ಶಾಯಿಯಲ್ಲಿ: ಚೆನ್ನಿ, ತೊರಪಳ್ಳಿ.

ಜೀವಿತಾ ಅದನ್ನು ಮೂರು ಸಲ ಓದಿದಳು. ಮದುವೆಯಾಗಿ ನಾಲ್ಕು ವರ್ಷ. ಯಾರಿಗೆ ತಿಳಿಸಬೇಕು ಎಂದು ಸರ್ಕಾರ ಅವನನ್ನು ಕೇಳಿದ್ದು ಬದುಕಿನಲ್ಲಿ ಒಂದೇ ಸಲ. ಅವನು ಹೇಳಿದ್ದು ಆ ಹೆಸರು.

"ಇವರು ಯಾರು ಗೊತ್ತಾ?" ಎಂದಳು.

"ನಮಗೇನು ಗೊತ್ತು ಮೇಡಂ? ನಿಮ್ಮ ಕಡೆಯವರಲ್ವಾ?"

ಜೈಲಿನಲ್ಲೂ ಹೆಸರಿನ ಮುಂದೆ ಮರಣ ಬರೆಸಬೇಕೆಂದು ಅವಳೇ ನೆಪ ಮಾಡಿಕೊಂಡು ಸಬ್ ಜೈಲಿಗೆ ನಡೆದಳು. ಅಲ್ಲಿನ ವಾರ್ಡರ್ ಒಳ್ಳೆಯ ಮನುಷ್ಯ. ದಪ್ಪ ರಿಜಿಸ್ಟರ್ ತೆಗೆದು, ಎಂಜಲು ಬೆರಳಿಂದ ಹಾಳೆ ಮಗುಚಿ, ಜೋರಾಗಿ ಓದಿದ: "ಒಳಗೆ ಬಂದಾಗ ಮೈಮೇಲೆ: ವಾಚು ಒಂದು, ಬೆಲ್ಟು ಒಂದು. ಹೊರಗಿನಿಂದ ಕೊಟ್ಟದ್ದು: ಕಂಬಳಿ ಒಂದು, ಬೂದು, ಕೆಂಪು ಅಂಚು. ತಂದವರು ಚೆನ್ನಿ. ಸಂಬಂಧ, ತಂಗಿ." ತಲೆಯೆತ್ತಿ, "ನಿಮ್ಮ ನಾದಿನಿಯಾ ಅಮ್ಮಾ? ಎರಡು ದಿನವೂ ಬಾಗಿಲಲ್ಲೇ ಕೂತಿದ್ದಳು, ಪಾಪ," ಎಂದ.

ದಿನೇಶನಿಗೆ ತಂಗಿಯಿರಲಿಲ್ಲ. ಅಮ್ಮನಿಗೆ ಒಬ್ಬನೇ ಮಗ.

ಊಟಿಯ ಬಸ್ಸು ನಡುವಟ್ಟದ ತಿರುವುಗಳನ್ನು ಹತ್ತುತ್ತಿದ್ದಾಗ ಅವಳಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಇಷ್ಟು ದಿನ ಮರಗಟ್ಟಿದ್ದ ಮೈಗೆ ಮೊದಲು ಬಂದ ಜೀವ ಅದು, ಅಳುವಲ್ಲ. ಅವಳು ಆ ಚೆನ್ನಿಗೆ ಮುಖ ಕೊಟ್ಟಳು, ಕಣ್ಣು ಕೊಟ್ಟಳು, ಉದ್ದ ಜಡೆ ಕೊಟ್ಟಳು. ಜೈಲಿನ ಬಾಗಿಲಲ್ಲಿ ಕೂರಿಸಿದಳು. ಗಂಡನ ವಾಸನೆ ಎಂದು ತಾನು ಮುಖ ಒತ್ತಿಕೊಂಡು ಮಲಗಿದ್ದು ಅವಳ ಕಂಬಳಿಗೆ. ಹಿರಿಯರು ಎಣಿಸಿದ ಪಟ್ಟಿಯಲ್ಲಿ ಹಾವಿತ್ತು, ಕಲ್ಲಿತ್ತು. ಇದಿರಲಿಲ್ಲ.

ಮನೆಗೆ ಬಂದು ಕಂಬಳಿಯನ್ನು ಹಾಸಿಗೆಯಿಂದ ಎಳೆದು ಕುರ್ಚಿಗೆ ಎಸೆದಳು. ಅತ್ತೆ ನೋಡಿ, "ಒಗೆಯೋಣವಾ?" ಎಂದರು. "ಬೇಡ," ಎಂದಳು, ಈ ಸಲ ಬೇರೆ ದನಿಯಲ್ಲಿ.

ನಾಲ್ಕು ದಿನ ಅದು ಕುರ್ಚಿಯ ಮೇಲಿತ್ತು. ಐದನೆಯ ದಿನ ಅದನ್ನು ಬಟ್ಟೆಯಂಗಡಿಯ ಚೀಲವೊಂದರಲ್ಲಿ ತುರುಕಿಕೊಂಡು ಹೊರಟಳು. "ಎಲ್ಲಿಗೆ, ಜೀವಿ?" ಎಂದರೆ "ಹೋಗಿ ಬರ್ತೀನಿ ಮಾಮಿ" ಎಂದಷ್ಟೇ ಹೇಳಿದಳು. ಏನು ಮಾಡಬೇಕೆಂದು ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಬಾಗಿಲಲ್ಲಿ ನಿಂತು ಆ ಹೆಂಗಸಿನ ಮುಖದ ಮೇಲೆ ಕಂಬಳಿ ಎಸೆದು, ನಿನ್ನದು ನೀನೇ ಇಟ್ಕೋ ಎಂದು ಬರುವುದು.

ತೊರಪಳ್ಳಿಯ ಚೆಕ್‌ಪೋಸ್ಟಿನ ಹಿಂದೆ, ಕಾಡಂಚಿನ ಹತ್ತಾರು ಮನೆಗಳ ನಡುವೆ ಚೆನ್ನಿಯ ಮನೆ ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಅರಣ್ಯ ಇಲಾಖೆಯ ಕೂಲಿ ಕೆಲಸದಿಂದ ಆಗಷ್ಟೇ ಬಂದವಳು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಳು. ಜಡೆ ಉದ್ದವಿರಲಿಲ್ಲ. ಇಪ್ಪತ್ತೆರಡು ಇರಬಹುದು, ಮುಂಗೈ ತುಂಬ ಲಂಟಾನ ಗೀರಿದ ಗಾಯಗಳು. ಜೀವಿತಾ ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು.

"ದಿನೇಶಣ್ಣನ ಮನೆಯವರಾ? ಬನ್ನಿ ಅಕ್ಕಾ, ಕೂತ್ಕೊಳ್ಳಿ! ಅಣ್ಣ ಗಾಡಿ ನಿಲ್ಲಿಸ್ತಾವ್ರಾ? ಅವರೂ ಕೋರ್ಟಿಗೆ ಬರ್ಲಿಲ್ಲ, ಫೋನೂ ಎತ್ತಲ್ಲ. ನಮ್ಮಣ್ಣ ಪ್ರಭು ಬೈತಾ ಇದ್ದ."

"ಅವರು ಹೋಗಿಬಿಟ್ಟರು," ಎಂದಳು ಜೀವಿತಾ. "ಇಪ್ಪತ್ತು ದಿನವಾಯಿತು. ಎದೆನೋವು."

ಚೆನ್ನಿ ನಿಂತಲ್ಲೇ ಕುಸಿದು ಕೂತಳು. ಒದ್ದೆ ಕೈಯನ್ನು ಬಾಯಿಗೆ ಒತ್ತಿಕೊಂಡು, ಹಿಂದುಮುಂದು ನೋಡದೆ, ಮಕ್ಕಳಂತೆ ಅತ್ತಳು. ಜೀವಿತಾ ಚೀಲ ಹಿಡಿದು ನೋಡುತ್ತಾ ನಿಂತಳು. ತನ್ನ ಗಂಡನಿಗಾಗಿ ಇಷ್ಟು ಸಲೀಸಾಗಿ ಅಳುತ್ತಿದ್ದಾಳಲ್ಲ! ಆ ಅಳುವಿನ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

"ಪೊಲೀಸರಿಗೆ ನಿನ್ನ ಹೆಸರು ಕೊಟ್ಟದ್ದು ಯಾಕೆ?" ಎಂದಳು ಕೊನೆಗೆ. "ನಾನಿದ್ದೆನಲ್ಲ."

ಚೆನ್ನಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಣ್ಣ ನಿಮಗೆ ಹೇಳ್ಲೇ ಇಲ್ವಾ?"

"ಇಲ್ಲ."

ಆಮೇಲೆ ಒಂದೊಂದಾಗಿ ಬಂತು. ಅವತ್ತು ಬೆಳಿಗ್ಗೆ ಸೌದೆಗೆ ಹೋದ ಅವಳ ಅಮ್ಮ ಬೆಳ್ಳಿಯನ್ನು ಆನೆ ಹೊಡೆದಿತ್ತು. ಆಂಬುಲೆನ್ಸ್ ಇನ್ನೂ ದೂರದಲ್ಲಿತ್ತು. ದಾರಿಯಲ್ಲಿ ಬಂದ ಮೊದಲ ಗಾಡಿ ದಿನೇಶನದು. ಕ್ಯಾರೆಟ್ ಮೂಟೆಗಳನ್ನು ರಸ್ತೆಗೆ ಇಳಿಸಿ, ಬೆಳ್ಳಿಯನ್ನು ಮಲಗಿಸಿಕೊಂಡು ಹೊರಟ. ಒಂದು ಕಿಲೋಮೀಟರ್ ಹೋಗುವುದರೊಳಗೆ ಅವಳ ಉಸಿರು ನಿಂತಿತು. ಊರವರು ಗಾಡಿಯ ಸುತ್ತ ನೆರೆದು, ಕಲೆಕ್ಟರ್ ಬರುವವರೆಗೆ ಹೆಣ ಇಲ್ಲಿಂದ ಏಳುವುದಿಲ್ಲ ಎಂದು ಕೂತರು.

"ಪೊಲೀಸ್ನೋರು ಅಣ್ಣನ್ನ, ನೀನು ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೋಗು, ನಿನಗೂ ಇದಕ್ಕೂ ಏನು ಸಂಬಂಧ ಅಂದ್ರು. ಅಣ್ಣ ಕೀ ಜೇಬಲ್ಲಿ ಹಾಕ್ಕೊಂಡು, ಅಮ್ಮನ ತಲೆ ಹತ್ರ ಕೂತುಬಿಟ್ರು. ಎಲ್ಲರನ್ನೂ ಹಿಡ್ಕೊಂಡು ಹೋದ್ರು, ನಮ್ಮ ಪ್ರಭುನೂ. ಫೋನ್ ಇಸ್ಕೊಂಡಿದ್ರು. ಯಾರಿಗೆ ಹೇಳ್ಬೇಕು ಅಂತ ಕೇಳಿದ್ರೆ ಅಣ್ಣಂಗೆ ನಿಮ್ಮ ನಂಬರು ಬಾಯಿಗೇ ಬರ್ಲಿಲ್ಲ. ಒಂಬತ್ತು ನಾಲ್ಕು, ಒಂಬತ್ತು ನಾಲ್ಕು ಅಂತಾನೇ ಇದ್ರು. ಸ್ಟೇಷನ್ ರೈಟರಿಗೆ ತಾಳ್ಮೆ ಇಲ್ಲ, ಪ್ರಭುಗೋಸ್ಕರ ನಾನು ಬಾಗ್ಲಲ್ಲಿ ನಿಂತಿದ್ನಲ್ಲ, ನಿನ್ ಹೆಸ್ರೇನು ಅಂತ ಕೇಳಿ ಇಬ್ರಿಗೂ ನಂದೇ ಬರ್ಕೊಂಡ. ತಂಗಿ ಅಂದ್ರೇನೇ ಜೈಲಲ್ಲಿ ಕಂಬಳಿ ಒಳಗೆ ಬಿಡೋದು, ಅದಕ್ಕೆ ತಂಗಿ ಅಂದೆ."

ಜೀವಿತಾಳ ನಂಬರಿನ ಮೊದಲ ಎರಡು ಅಂಕಿ ಒಂಬತ್ತು, ನಾಲ್ಕು.

"ಹೊರಗೆ ಬಂದ ಮೇಲಾದರೂ ಹೇಳಬಹುದಿತ್ತು."

"ಹೆಣ ಹೊತ್ತ ಗಾಡಿ, ಜೈಲಿಗೆ ಹೋದ ಮೈ, ಮೈಲಿಗೆ. ಮನೇಲಿ ಅಮ್ಮಂಗೆ ತಿಳಿದ್ರೆ ಹೆತ್ತೆ ದೇವಿ ಹಬ್ಬಕ್ಕೆ ನನ್ನ ನಡೆದು ಹೋಗೋಕೆ ಬಿಡಲ್ಲ, ಅವಳ ಹರಕೆ ಅದು ಅಂದ್ರು. ಹಬ್ಬ ಮುಗೀಲಿ, ಮೊದ್ಲು ಜೀವಿಗೆ ಹೇಳ್ತೀನಿ ಅಂದ್ರು. ಮಾರ್ಚಲ್ಲಿ ಕೋರ್ಟಿಗೆ ಬಂದಾಗ ಕೇಳಿದೆ, ಹೇಳಿದ್ರಾ ಅಣ್ಣಾ ಅಂತ. ಇಷ್ಟು ದಿನ ಹೇಳ್ದೆ ಇದ್ದು ಈಗ ಹೆಂಗೆ ಹೇಳೋದು, ಬೈತಾಳೆ ಅಂದ್ರು. ಜೂನಲ್ಲಿ ಬರಕ್ಕಾಗಲ್ಲ, ಅವಳಿಗೆ ಕೊಯಮತ್ತೂರಲ್ಲಿ ಇಂಟರ್ವ್ಯೂ ಅದೆ ಅಂತ ಪ್ರಭುಗೆ ಹೇಳಿದ್ರಂತೆ."

ಜೂನ್ ಹನ್ನೆರಡು. ಬೆಳಗಿನ ನಾಲ್ಕಕ್ಕೇ ಎಬ್ಬಿಸಿ, ಘಾಟಿ ಇಳಿಸಿ, ಕಾಲೇಜಿನ ಗೇಟಿನ ಹೊರಗೆ ಸಂಜೆಯವರೆಗೂ ಗಾಡಿಯಲ್ಲಿ ಕೂತಿದ್ದ. ಕೆಲಸ ಸಿಗಲಿಲ್ಲ. ಅವಳು ದಾರಿಯುದ್ದಕ್ಕೂ ಮಾತಾಡಿರಲಿಲ್ಲ.

ಕೇಳಬಾರದು ಎಂದುಕೊಂಡರೂ ಕೇಳಿದಳು. "ಜೈಲಲ್ಲಿ ಅವರು ಅತ್ತರಾ?"

"ಅತ್ರು ಅಕ್ಕಾ. ಕಂಬಳಿ ಕೊಟ್ಟಾಗ. ಅದು ನಮ್ಮಮ್ಮಂದು ಅಂದೆ. ಅದಕ್ಕೆ."

ನಾಲ್ಕು ವರ್ಷದಲ್ಲಿ ಜೀವಿತಾ ಅವನು ಅತ್ತದ್ದನ್ನು ನೋಡಿರಲಿಲ್ಲ. ಅವನ ತಂದೆಯ ತಿಥಿಯ ದಿನವೂ ಇಲ್ಲ. ಆ ಅಳು ಈ ಹುಡುಗಿಯ ಪಾಲಿಗೆ ಹೋಗಿತ್ತು, ಅದನ್ನು ವಾಪಸು ಕೇಳಲು ಯಾವ ಕಚೇರಿಯಲ್ಲೂ ಅರ್ಜಿಯಿರಲಿಲ್ಲ. ಹೊಟ್ಟೆಕಿಚ್ಚು ಆರಲಿಲ್ಲ. ಎಸೆಯಲೆಂದು ಚೀಲ ಬಿಗಿಹಿಡಿದಿದ್ದ ಕೈ ಮಾತ್ರ ಸಡಿಲವಾಯಿತು.

"ನಮ್ಮಲ್ಲಿ ಸತ್ತವರ ಪಾಪಗಳನ್ನು ಹೆಣದ ಮುಂದೆ ಎಣಿಸ್ತಾರೆ," ಎಂದಳು. "ಒಂದು ಬಿಟ್ಟುಹೋಗಿತ್ತು. ಕಟ್ಟಿಕೊಂಡವಳಿಗೆ ಹೇಳಲಿಲ್ಲ."

"ಅದೂ ಪಾಪನಾ ಅಕ್ಕಾ?"

"ಅದೂ ಪಾಪವೇ."

ಹೇಳುತ್ತಿದ್ದಂತೆ ಜೀವಿತಾಳಿಗೆ ಅಳು ಬಂತು. ಚೆನ್ನಿ ನೀರಿನ ಚೊಂಬು ಅವಳ ಕಡೆ ಸರಿಸಿ, ಬೇರೆ ಕಡೆ ನೋಡುತ್ತಾ ಕೂತಳು.

ಮುಖ ತೊಳೆದುಕೊಂಡ ಮೇಲೆ ಜೀವಿತಾ ಚೀಲದಿಂದ ಕಂಬಳಿ ತೆಗೆದಳು. ಚೆನ್ನಿಯ ಕೈ ತಾನಾಗಿಯೇ ಮುಂದೆ ಬಂದು, ಹಿಂದೆ ಸರಿಯಿತು.

"ಅಣ್ಣ ತಂದ್ಕೊಡ್ತೀನಿ, ತಂದ್ಕೊಡ್ತೀನಿ ಅಂತಿದ್ರು. ಇರ್ಲಿ, ನೀವೇ ಇಟ್ಕೊಳ್ಳಿ ಅಕ್ಕಾ."

ಹೂಂ ಎನ್ನಬೇಕೆಂದು ಜೀವಿತಾಳ ಗಂಟಲವರೆಗೂ ಬಂದಿತ್ತು. ಮನೆಯಲ್ಲಿ ಅವನ ಅಂಗಿಗಳನ್ನೆಲ್ಲ ಅತ್ತೆ ಒಗೆದು ಹಾಕಿದ್ದರು.

"ನಿನ್ನ ಅಮ್ಮಂದು," ಎಂದು ಅವಳ ಮಡಿಲಿಗೆ ಇಟ್ಟಳು.

ಚೆನ್ನಿ ಅಂಚನ್ನು ಮೂಗಿಗೆ ಹಿಡಿದು ಹುಡುಕಿದಳು, ಮಗುಚಿ ಇನ್ನೊಂದು ಕಡೆ ಹುಡುಕಿದಳು. "ಅಮ್ಮನ ವಾಸನೆ ಇಲ್ಲ. ಬರೀ ಡೀಸಲು."

"ಒಗೆದಿಲ್ಲ," ಎಂದಳು ಜೀವಿತಾ. "ಒಳಗೆಲ್ಲೋ ಇರುತ್ತೆ, ನೋಡು." ಖಾಲಿ ಚೀಲವನ್ನು ಮಡಚಿಕೊಂಡು ಎದ್ದಳು.